ಸುಲ್ಮಾ ಬೆಂತಾಂಕೋರ್ ಗೆದ್ದ ವಾದ

ಸೆರ್ರೊ ಗುಡ್ಡದ ಬುಡದಲ್ಲಿರುವ ನಮ್ಮ ವಿಹಿಯಾ ಫುಟ್‌ಬಾಲ್ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಮೇಜು ಅಂದರೆ ಬಾಯಿದ್ದವರ ಮೇಜು. ಮೈದಾನದ ಮ್ಯಾಚ್ ಮುಗಿದ ಮೇಲೆ ನಿಜವಾದ ಮ್ಯಾಚ್ ಶುರುವಾಗುತ್ತಿದ್ದದ್ದು ಅಲ್ಲಿ. ಯಾರು ಚೆನ್ನಾಗಿ ಆಡಿದರು, ಯಾರ ಕಾಲಿಗೆ ಗೆದ್ದಲು ಹಿಡಿದಿತ್ತು, ಕೋಚ್ ಮನಸ್ಸಿನಲ್ಲಿ ಏನಿತ್ತು, ಎಲ್ಲ ಅಲ್ಲೇ ತೀರ್ಮಾನವಾಗಬೇಕು. ಸೋತ ದಿನ ಮಾತು ಬೇಗ ಮುಗಿಯುತ್ತಿತ್ತು. ಗೆದ್ದ ದಿನವೇ ಜಗಳ ಜಾಸ್ತಿ. ಗೆಲುವು ಯಾರದ್ದು ಅಂತ ಹಂಚಿಕೊಳ್ಳಬೇಕಲ್ಲ.

ಆ ಮೇಜಿಗೆ ಕೂರುತ್ತಿದ್ದ ಒಬ್ಬಳೇ ಹೆಂಗಸು ಸುಲ್ಮಾ ಬೆಂತಾಂಕೋರ್. ನಾನೂ ಅವಳೂ ಒಂದೇ ಓಣಿಯಲ್ಲಿ ಬೆಳೆದವರು. ಅವಳಪ್ಪ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗಂಡುಮಕ್ಕಳಿಲ್ಲ ಅಂತ ಮಗಳನ್ನೇ ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಬರುತ್ತಿದ್ದ. ಅಪ್ಪ ಹೋದ, ಕಾರ್ಖಾನೆ ಮುಚ್ಚಿತು, ಸುಲ್ಮಾ ಮಾತ್ರ ಭಾನುವಾರ ತಪ್ಪಿಸಲಿಲ್ಲ. ಒಮ್ಮೆ ದೂರದ ರೋಚಾ ಕಡೆಯ ಒಬ್ಬ ಸಂಭಾವಿತ ಅವಳನ್ನು ಮದುವೆಯಾಗಲು ಬಂದಿದ್ದ. ಎಲ್ಲ ಸರಿಹೋಗಿ, ಮದುವೆಯಾದ ಮೇಲೆ ಅಲ್ಲಿಗೇ ಬಂದು ಇರಬೇಕು ಅಂದನಂತೆ. ಅಲ್ಲಿಂದ ಭಾನುವಾರ ಬಂದು ಹೋಗಲು ಬಸ್ಸು ಸರಿಯಿಲ್ಲ ಅಂತ ಇವಳು ಬೇಡ ಅಂದಳು. ಇದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಬಸ್ಸಿನ ವಿಷಯ ಅವಳಿಗೆ ಗೊತ್ತಿರಲೇಬೇಕು. ಆಯುಷ್ಯದ ಮುಕ್ಕಾಲು ಪಾಲು ಅವಳು ಸೆರ್ರೊದಿಂದ ಊರೊಳಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಒಬ್ಬಳೇ. ನಾಲ್ಕು ಜನ ಹಂಚಿಕೊಂಡು ಹೀರುವ ಮಾಟೆ ಚಹಾದ ಸೋರೆಬುರುಡೆಗೆ ತಾನೇ ಬಿಸಿನೀರು ಹೊಯ್ದುಕೊಂಡು ತಾನೇ ಹೀರಬೇಕು. ವಾರದ ಮಿಕ್ಕ ದಿನಗಳಲ್ಲಿ ಸುಲ್ಮಾ ಏನು ಹೇಳುತ್ತಾಳೆ ಅಂತ ಯಾರಿಗೂ ಬೇಕಿರಲಿಲ್ಲ. ಭಾನುವಾರ ಸಂಜೆ ಮಾತ್ರ ಇಡೀ ಕ್ಯಾಂಟೀನು ಕಿವಿ ಕೊಟ್ಟು ಕೂರುತ್ತಿತ್ತು. ಅವಳು ಸೀಸೆಯ ಮುಚ್ಚಳ, ಆಲಿವ್ ಬೀಜ, ಉಪ್ಪಿನ ಡಬ್ಬಿ ಎಲ್ಲ ಮೇಜಿನ ಮೇಲೆ ಹರಡಿ, "ಚೆಂಡಿರೋನನ್ನ ನೋಡ್ಬೇಡಿ, ಚೆಂಡಿಲ್ದೋನು ಎಲ್ಲಿಗೆ ಹೋಗ್ತಾನೆ ನೋಡಿ" ಅಂತ ಶುರುಮಾಡಿದರೆ, ನಾವು ಕಣ್ಣಾರೆ ಕಂಡ ಆಟ ನಮಗೇ ಹೊಸದಾಗಿ ಕಾಣುತ್ತಿತ್ತು.

ಅವಳಿಗೆ ಎದುರಾಳಿ ಎಲ್ಬಿಯೊ, ಚೌಕದ ಮಾಂಸದಂಗಡಿಯವನು. ಅವನ ಪ್ರಕಾರ ಫುಟ್‌ಬಾಲ್ ಅಂದರೆ ಕಾಲು, ಎದೆಗಾರಿಕೆ ಮತ್ತು ಅದೃಷ್ಟ. ತಂತ್ರ ಗಿಂತ್ರ ಎಲ್ಲ ಆಮೇಲೆ ಕಟ್ಟುವ ಕತೆ. ಇಬ್ಬರೂ ವರ್ಷಗಟ್ಟಲೆ ಕಚ್ಚಾಡಿದ್ದರು. ಮನೆಗೆ ಹೋಗುವಾಗ ಮಾತ್ರ ಎಲ್ಬಿಯೊ ಅವಳಿಗೆ ಬೇಕಾದ ಮಾಂಸದ ತುಂಡು ಎತ್ತಿಟ್ಟಿದ್ದೇನೆ ಅಂತ ಹೇಳಿ ಹೋಗುತ್ತಿದ್ದ.

ಇನ್ನು ಲೀಬೆರ್. ಲೀಬೆರ್ ಪಿರಿಸ್ ನಮ್ಮ ತಂಡದ ಎಡಗಡೆಯ ಡಿಫೆಂಡರ್. ನಮ್ಮಂಥ ಸಣ್ಣ ಕ್ಲಬ್ಬಿನಲ್ಲಿ ಆಡಿದರೆ ಹೊಟ್ಟೆ ತುಂಬುವುದಿಲ್ಲ. ಅವನು ಬೆಳಗಿನ ಜಾವ ಬೇಕರಿಯಲ್ಲಿ ಬ್ರೆಡ್ಡು ಸುಟ್ಟು, ಮಧ್ಯಾಹ್ನ ಅಭ್ಯಾಸಕ್ಕೆ ಬರುತ್ತಿದ್ದ. ಹೆಂಡತಿ ಅನಾಯಿ, ಮಾತು ಕಲಿಯುತ್ತಿದ್ದ ಒಂದು ಮಗು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವನು ಸುಲ್ಮಾಳ ಬಸ್ಸಿನಲ್ಲೇ ಓಡಾಡಿದವನು. ದೊಡ್ಡವನಾಗಿ ತಂಡದಲ್ಲಿ ಆಡಿದರೂ ಅವಳನ್ನು ಕಂಡರೆ ತಲೆ ಬಾಗಿಸಿ, ಹಿರಿಯ ಹೆಂಗಸರಿಗೆ ಅನ್ನುವ ಹಾಗೆ "ದೋನ್ಯಾ ಸುಲ್ಮಾ, ಹೇಗಿದ್ದೀರಿ" ಅನ್ನದೆ ಮುಂದೆ ಹೋಗುತ್ತಿರಲಿಲ್ಲ.

ಆ ವರ್ಷ ನಮ್ಮ ತಂಡ ಬಹಳ ಕೆಟ್ಟು ಕೂತಿತ್ತು. ನವೆಂಬರಿನ ಕೊನೆಯ ಮ್ಯಾಚು ಮರೋನ್ಯಾಸ್‌ನವರ ಮೇಲೆ, ನಮ್ಮದೇ ಮೈದಾನದಲ್ಲಿ. ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು, ಗೆದ್ದರೆ ಉಳಿದುಕೊಳ್ಳಬಹುದು. ನದಿ ಕಡೆಯಿಂದ ಗಾಳಿ ಬೀಸುತ್ತಿತ್ತು, ಚೆಂಡು ಒದ್ದ ಕಡೆ ಹೋಗುತ್ತಿರಲಿಲ್ಲ. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿಗಳಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡನ್ನು ಗುದ್ದಲು ಗೋಲು ಕಾಯುವ ನಮ್ಮ ಗೋಲಿ ಮುಂದೆ ನುಗ್ಗಿದ, ಅದೇ ಚೆಂಡಿಗೆ ಲೀಬೆರ್ ತಲೆಯೊಡ್ಡಲು ಹಾರಿದ. ಗೋಲಿಯ ಮೊಣಕಾಲು ಲೀಬೆರ್‌ನ ಕಿವಿಯ ಹಿಂದೆ ಬಡಿಯಿತು. ಅವನು ಕೆಳಗೆ ಬಿದ್ದ. ಆ ದಿನ ಕ್ಲಬ್ಬಿನ ಡಾಕ್ಟರು ಬಂದಿರಲಿಲ್ಲ. ಮಾಲೀಶು ಮಾಡುವವನು ಓಡಿ ಹೋಗಿ ಮುಖಕ್ಕೆ ನೀರು ಎರಚಿ ಎಬ್ಬಿಸಿ ನಿಲ್ಲಿಸಿದ. ಲೀಬೆರ್ ಎದ್ದು ಕೈ ಎತ್ತಿದ. ನಾವು ಚಪ್ಪಾಳೆ ತಟ್ಟಿದೆವು.

ಎರಡನೆಯ ಅರ್ಧದಲ್ಲಿ ಅವನ ಆಟ ವಿಚಿತ್ರವಾಗಿತ್ತು. ತನ್ನ ಎಡಗಡೆಯ ಗೆರೆ ಬಿಟ್ಟು ಮೈದಾನದ ನಡುವಿಗೆ ಬಂದು ಅಲ್ಲೇ ಅಡ್ಡಾಡುತ್ತಿದ್ದ. ಅವನನ್ನು ಕಾಯಬೇಕಿದ್ದ ಮರೋನ್ಯಾಸ್‌ನ ಆಟಗಾರ ಏನೋ ಉಪಾಯವಿದೆ ಅಂದುಕೊಂಡು ಅವನ ಹಿಂದೆಯೇ ಒಳಗೆ ಬಂದ. ಹಾಗಾಗಿ ಎಡಗಡೆ ಪೂರ್ತಿ ಖಾಲಿಯಾಯಿತು. ಆ ಖಾಲಿ ಜಾಗದಲ್ಲಿ ನಮ್ಮ ಫಾರ್ವರ್ಡ್ ಓಡಿ ಹೋಗಿ ಚೆಂಡನ್ನು ಗೋಲಿನ ಮುಂದೆ ಹಾಕಿದ, ಇನ್ನೊಬ್ಬ ಒಳಗೆ ತಳ್ಳಿದ. ಒಂದು ಗೋಲು. ಅಷ್ಟೇ ಸಾಕಾಯಿತು. ರೆಫರಿ ಸೀಟಿ ಊದಿದಾಗ ದೊಡ್ಡ ದೊಡ್ಡ ಗಂಡಸರು ಬೇಲಿ ಹಿಡಿದು ಅತ್ತರು.

ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ. ವೈನು, ಸಾಸೇಜು ತುಂಬಿದ ಬ್ರೆಡ್ಡು, ಡೋಲು. ಎಲ್ಬಿಯೊ ಕೂತವನೇ, ಗೆದ್ದದ್ದು ದೇವರ ದಯೆ, ಲೀಬೆರ್ ಆಟ ಮಾತ್ರ ದರಿದ್ರವಾಗಿತ್ತು ಅಂದ.

"ಎಡಗಡೆ ಬಾಗಿಲು ತೆಗೆದಿಟ್ಟು ಮನೆಯೋನು ಊರು ಸುತ್ತೋಕೆ ಹೋದ ಹಾಗಿತ್ತು. ಅವ್ರಲ್ಲಿ ಒಬ್ಬ ಬುದ್ಧಿವಂತ ಇದ್ದಿದ್ರೆ ನಾವು ಇವತ್ತು ಮಣ್ಣು ತಿಂತಿದ್ವಿ."

ಸುಲ್ಮಾ ಇದಕ್ಕೇ ಕಾಯುತ್ತಿದ್ದಳು. ಅವಸರ ಮಾಡದೆ ಗ್ಲಾಸುಗಳನ್ನು ಬದಿಗೆ ಸರಿಸಿದಳು, ಮುಚ್ಚಳಗಳನ್ನು ಜೋಡಿಸಿದಳು. ಲೀಬೆರ್ ಅಂದರೆ ಉಪ್ಪಿನ ಡಬ್ಬಿ.

"ನೀನು ಮಾಂಸ ಕಡಿಯೋ ಹಾಗೆ ಆಟ ನೋಡ್ತೀಯ ಎಲ್ಬಿಯೊ, ಒಂದೊಂದೇ ತುಂಡು. ಉಪ್ಪಿನ ಡಬ್ಬಿ ಒಳಗೆ ಬಂತು. ಈ ಮುಚ್ಚಳ ಅದರ ಹಿಂದೆ ಬಂತು. ಈಗ ನೋಡು, ಇಲ್ಲಿ ಏನಿದೆ?"

"ಏನೂ ಇಲ್ಲ."

"ಅದೇ ನಾನು ಹೇಳ್ತಿರೋದು. ಆ ಏನೂ ಇಲ್ಲದ ಜಾಗವನ್ನ ಮಾಡಿದ್ದೇ ಲೀಬೆರ್. ಅವನು ಚೆಂಡು ಮುಟ್ಟದೆ ಗೋಲು ಹೊಡೆದ."

ಮೇಜಿನವರು ಹೋ ಅಂದರು. ಯಾರೋ ಅವಳ ಭುಜ ತಟ್ಟಿದರು. ಪಕ್ಕದ ಮೇಜಿನವರು ಎದ್ದು ಬಂದು ಇನ್ನೊಮ್ಮೆ ಹೇಳಿಸಿಕೊಂಡರು, ಅವಳು ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಚೆನ್ನಾಗಿ. ಅಷ್ಟರಲ್ಲಿ ಕೋಚ್ ಬೆರ್ರೂತಿ ಆ ಕಡೆ ಬಂದ. ಅವನೂ ನಿಂತು ಕೇಳಿದ. ಹೌದಾ, ಇದೇ ಉಪಾಯವಾ ಅಂತ ಕೇಳಿದ್ದಕ್ಕೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ವಾರವಿಡೀ ಏನೋ ಒಂದಿಷ್ಟು ಕೆಲಸ ಮಾಡಿದ್ದೆವು ಅಂತ ನಕ್ಕು ಮುಂದೆ ಹೋದ. ಎಲ್ಬಿಯೊ ತನ್ನ ಗ್ಲಾಸಿಗೆ ವೈನು ಬಗ್ಗಿಸಿಕೊಂಡ.

ಆಮೇಲೆ ಲೀಬೆರ್ ಬಂದ. ಸ್ನಾನ ಮಾಡಿ ತಲೆ ಒದ್ದೆಯಾಗಿತ್ತು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಜನ ಅವನನ್ನು ಎತ್ತಿಕೊಂಡೇ ನಮ್ಮ ಮೇಜಿನ ಹತ್ತಿರ ತಂದು ಇಳಿಸಿದರು. ಒಳಗೆ ಬಾ ಅಂತ ಕೋಚ್ ನಿನಗೆ ಯಾವಾಗ ಹೇಳಿದ್ದು ಅಂತ ಸುಲ್ಮಾ ಕೇಳಿದಳು. ಅವನು ಅವಳ ಮುಖವನ್ನೇ ನೋಡುತ್ತಾ ನಕ್ಕ.

"ಕೊನೆಗೆ ಎಷ್ಟಾಯ್ತು, ದೋನ್ಯಾ ಸುಲ್ಮಾ?" ಅಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಗೆದ್ದವನ ಚೇಷ್ಟೆ ಅಂದುಕೊಂಡೆವು. ಸುಲ್ಮಾಳೂ ನಕ್ಕಳು. ಒಂದು ಗೋಲಿನಿಂದ ಗೆದ್ದೆವು ಮಾರಾಯ, ನಿನ್ನ ದಯೆ ಅಂದಳು. ಲೀಬೆರ್ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಅವಳ ಕಡೆ ಬಗ್ಗಿ, ಅದೇ ಪ್ರಶ್ನೆ ಮತ್ತೆ ಕೇಳಿದ. ಅವಳು ಅವನ ಕೆನ್ನೆ ತಟ್ಟಿದಳು. ಆಗ ಅವನು ಮೆಲ್ಲಗೆ, "ನಾನು ಟಿಕೆಟ್ ತಗೊಂಡಿದ್ದೀನಿ, ಅಲ್ವಾ?" ಅಂದ. ಅದು ಅವಳೊಬ್ಬಳಿಗೇ ಕೇಳಿಸಿತು. ಹಳೆಯ ಬಸ್ಸಿನ ದಿನಗಳ ತಮಾಷೆ ಅಂತ ಅವಳು ಅಂದುಕೊಂಡಳಂತೆ. ಅಂದುಕೊಳ್ಳಬೇಕು ಅಂತಲೇ ಅಂದುಕೊಂಡೆ ಅಂತ ಆಮೇಲೆ ಹೇಳಿದಳು. ಲೀಬೆರ್ ಬೆಳಕಿಗೆ ಕೈ ಅಡ್ಡ ಹಿಡಿದು, ಗದ್ದಲ ಜಾಸ್ತಿ ಅಂತ ಗೊಣಗಿ, ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ಯಾರೂ ತಡೆಯಲಿಲ್ಲ. ಮಾತು ಮುಂದುವರಿಯಿತು.

ಬಹಳ ಹೊತ್ತೇ ಮುಂದುವರಿಯಿತು. ಗೋಲಿಯ ಗುದ್ದು ಸರಿಯೇ ತಪ್ಪೇ, ಬಲಗಡೆಯವನನ್ನು ಬದಲಿಸಿದ್ದು ತಡವಾಯಿತೇ. ಎಲ್ಬಿಯೊಗೆ ಸೋಲು ಜೀರ್ಣವಾಗಿರಲಿಲ್ಲ. ಅವನು ಗ್ಲಾಸು ಕೆಳಗಿಟ್ಟು ಮತ್ತೆ ಶುರುಮಾಡಿದ.

"ಸರಿ, ಒಳಗೆ ಬಂದದ್ದು ಉಪಾಯ. ಥ್ರೋ ಮಾಡ್ಬೇಕಾದ್ರೆ ಚೆಂಡನ್ನ ಅವ್ರ ಕಾಲಿಗೇ ಎಸೆದನಲ್ಲ, ಅದೂ ಉಪಾಯವಾ? ವಿರಾಮ ಮುಗಿದ ಮೇಲೆ ಅವ್ರ ಕಡೆ ಹೋಗಿ ನಿಂತಿದ್ದ, ಗೋಲಿ ಬಂದು ತೋಳು ಹಿಡಿದು ಈ ಕಡೆ ಕರ್ಕೊಂಡು ಬಂದ. ನೀನು ನೋಡಿಲ್ವಾ? ಎಲ್ಲಾ ನೋಡ್ತೀಯಲ್ಲ ನೀನು."

ಸುಲ್ಮಾ ಉತ್ತರಕ್ಕೆ ಬಾಯಿ ತೆರೆದಳು. ಕೈ ಉಪ್ಪಿನ ಡಬ್ಬಿಯ ಮೇಲೆಯೇ ಇತ್ತು. ಅವಳು ಅದನ್ನು ಗೆರೆಯಿಂದ ಒಳಕ್ಕೆ, ಒಳಗಿನಿಂದ ಹಿಂದಕ್ಕೆ ಮೆಲ್ಲಗೆ ಸರಿಸುತ್ತಾ ಹೋದದ್ದನ್ನು ನಾನು ನೋಡಿದೆ.

"ಅವನಿಗೆ ತಾನು ಎಲ್ಲಿದ್ದೀನಿ ಅಂತ್ಲೇ ಗೊತ್ತಿರ್ಲಿಲ್ಲ," ಅಂದಳು. "ತಲೆಗೆ ಏಟು ಬಿದ್ದ ಮೇಲೆ ಅವನು ಆಡ್ಲೇ ಇಲ್ಲ. ದಾರಿ ತಪ್ಪಿ ಅಲೀತಿದ್ದ. ಎಷ್ಟಾಯ್ತು ಅಂತ ನನ್ನನ್ನ ಎರಡು ಸಲ ಕೇಳಿದ."

ಮೇಜಿನಲ್ಲಿದ್ದ ಒಬ್ಬ, ಇವತ್ತೊಂದು ದಿನ ಬಿಡಿ ದೋನ್ಯಾ ಸುಲ್ಮಾ, ಖುಷಿಯಾಗಿದ್ದೀವಿ ಅಂದ. ಇನ್ನೊಬ್ಬ, ಅವನು ಕುಡಿದಿರಬೇಕು ಅಂದ. ಅವಳು ಎದ್ದು ಬೆರ್ರೂತಿಯ ಹತ್ತಿರ ಹೋಗಿ ಅದೇ ಮಾತು ಹೇಳಿದಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟು, ಹುಡುಗ ಗಟ್ಟಿ, ನಾಳೆ ಬೆಳಿಗ್ಗೆ ಸರಿಹೋಗುತ್ತಾನೆ, ಈಗ ಜನರನ್ನು ಹೆದರಿಸಬೇಡಿ ಅಂದ. ಅವಳು ತಿರುಗಿ ನಮ್ಮನ್ನೆಲ್ಲ ನೋಡಿದಳು. ಎದ್ದವನು ಎಲ್ಬಿಯೊ ಒಬ್ಬನೇ. ವಾದ ಗೆದ್ದ ಸಂತೋಷ ಅವನ ಮುಖದಲ್ಲಿ ಚೂರೂ ಇರಲಿಲ್ಲ. ಬೀಗದ ಕೈ ತೆಗೆದು, ಬಾ, ವ್ಯಾನು ಹೊರಗಿದೆ ಅಂದ. ಅವರ ಹಿಂದೆ ನಾನೂ ಹೋದೆ.

ಲೀಬೆರ್ ಮನೆಗೆ ಹೋಗಿರಲಿಲ್ಲ. ಅನಾಯಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಹಬ್ಬದ ಅಡುಗೆಯ ವಾಸನೆ ಬರುತ್ತಿತ್ತು. ಇನ್ನೂ ಕ್ಯಾಂಟೀನಿನಲ್ಲೇ ಇದ್ದಾನೆ ಅಂದುಕೊಂಡಿದ್ದೆ ಅಂದಳು. ಸುಲ್ಮಾ ಏನನ್ನೂ ಮುಚ್ಚಿಡದೆ ಹೇಳಿದಳು. ಅನಾಯಿ ಮಗುವನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಮನೆಚಪ್ಪಲಿಯಲ್ಲೇ ವ್ಯಾನು ಹತ್ತಿದಳು. ಬೇಕರಿ ನೋಡಿದೆವು, ಅವನಮ್ಮನ ಮನೆ ನೋಡಿದೆವು, ನದಿ ದಂಡೆಯ ಕಡೆ ಹೋದೆವು. ಕೊನೆಗೆ ಬಸ್ ನಿಲ್ದಾಣಕ್ಕೆ ಹೋಗೋಣ ಅಂತ ಸುಲ್ಮಾ ಹೇಳಿದಳು. ಅಲ್ಲಿ ಕಟ್ಟೆಯ ಮೇಲೆ ಅವನಿದ್ದ, ಒಂದು ಬದಿಗೆ ವಾಲಿಕೊಂಡು. ಅಂಗಿಯ ಮೇಲೆಲ್ಲ ವಾಂತಿ. ಓಡಾಡುವ ಜನ ಕುಡುಕ ಅಂತ ದಾಟಿ ಹೋಗುತ್ತಿದ್ದರು. ಅವನ ಕೊರಳಲ್ಲಿ ನಮ್ಮ ತಂಡದ ಬಾವುಟ ಇದ್ದದ್ದರಿಂದ ಕೆಲವರು ಶಹಬ್ಬಾಸ್ ಅಂತಲೂ ಹೇಳಿ ಹೋಗಿದ್ದರಂತೆ.

ಮಾಂಸದ ವ್ಯಾನಿನ ನೆಲದ ಮೇಲೆ ಅವನನ್ನು ಮಲಗಿಸಿದೆವು. ಅನಾಯಿ ಅವನ ತಲೆಯನ್ನು ತೊಡೆಯ ಮೇಲೆ ಹಿಡಿದಿದ್ದಳು. ಸುಲ್ಮಾ ಅವನ ಜೊತೆ ಮಾತಾಡುತ್ತಲೇ ಇದ್ದಳು, ನಿಲ್ದಾಣಗಳ ಹೆಸರು ಒಂದಾದ ಮೇಲೊಂದು ಹೇಳುತ್ತಾ, ಕಣ್ಣು ಮುಚ್ಚಬೇಡ, ಇಳಿಯೋ ಜಾಗ ಬಂತು ಅನ್ನುತ್ತಾ. ಎಲ್ಬಿಯೊ ಒಂದು ಕೆಂಪು ದೀಪಕ್ಕೂ ನಿಲ್ಲಿಸಲಿಲ್ಲ.

ಊರೊಳಗಿನ ದೊಡ್ಡಾಸ್ಪತ್ರೆಯಲ್ಲಿ ಅವನ ತಲೆಬುರುಡೆ ತೆರೆದರು. ಮಿದುಳಿನ ಮೇಲೆ ರಕ್ತ ಕಟ್ಟಿತ್ತು. ಜೀವ ಉಳಿಯಿತು. ಹೊರಗೆ ಬಂದ ಡಾಕ್ಟರಮ್ಮ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು. ಸ್ವಲ್ಪ ಬೇಗ ತಂದಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ ಅಂತಲೂ ಅಂದರು. ಎರಡು ಮಾತನ್ನೂ ಅನಾಯಿ ಕೇಳಿಸಿಕೊಂಡಳು.

ಅಲ್ಲಿ ಕಾಯುತ್ತಾ ಕೂತಿದ್ದಾಗ ಕಾವಲಿನವನ ಮೇಜಿನ ಮೇಲೆ ರೇಡಿಯೊ ಹಾಡುತ್ತಿತ್ತು. ಆಟದ ಸುದ್ದಿ ಬಂತು. ಬೆರ್ರೂತಿಯನ್ನು ಮಾತಾಡಿಸುತ್ತಿದ್ದರು. ಎಡಗಡೆಯವನನ್ನು ಒಳಗೆ ತಂದು ಖಾಲಿ ಜಾಗ ಮಾಡಿಸಿದ್ದು ನಮ್ಮ ಯೋಚನೆ ಅಂದ ಅವನು. ಹುಡುಗ ಚೆಂಡು ಮುಟ್ಟದೆ ಗೋಲು ಹೊಡೆದ ಅಂದ. ಮಾತು ಅಕ್ಷರಶಃ ಸುಲ್ಮಾಳದ್ದು. ಅವಳು ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು. ಎಲ್ಬಿಯೊ ಎದ್ದು ಹೋಗಿ, ಕೇಳದೆಯೇ ರೇಡಿಯೊ ಆರಿಸಿದ.

ಅಲ್ಲೇ ಸುಲ್ಮಾ ಅನಾಯಿಯ ಪಕ್ಕಕ್ಕೆ ಸರಿದು ಕೂತು ಹೇಳಿದಳು, "ಅವನು ನನ್ನ ಹತ್ರ ಬಂದು ಕೇಳಿದ್ದ, ಮಗಳೇ. ಅವನಿಗೆ ಸರಿಯಿಲ್ಲ ಅಂತ ನಂಗೆ ಆಗ್ಲೇ ಗೊತ್ತಾಗ್ಬೇಕಿತ್ತು. ನನ್ನ ಮಾತು ಚೆನ್ನಾಗಿ ನಡೀತಿತ್ತು. ನಿಲ್ಸೋಕೆ ಮನಸ್ಸಾಗ್ಲಿಲ್ಲ."

"ಇದನ್ನ ನೀವು ಹೇಳ್ದೇ ಇರಬಹುದಿತ್ತು," ಅಂದಳು ಅನಾಯಿ. ಅದು ಬೈಗುಳವೋ ಏನೋ ನನಗೆ ಇವತ್ತಿಗೂ ತಿಳಿಯದು. ಆ ಮೇಲೆ ತಿಂಗಳುಗಟ್ಟಲೆ ಅವಳು ಸುಲ್ಮಾಳ ಜೊತೆ ಮಾತಾಡಲಿಲ್ಲ.

ಲೀಬೆರ್ ಮನೆಗೆ ಬಂದ. ಬಲಗೈ ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ಸಣ್ಣದಕ್ಕೆಲ್ಲ ಸಿಟ್ಟು, ಆಮೇಲೆ ಅಳು. ಮತ್ತೆ ಆಡುವ ಮಾತೇ ಇರಲಿಲ್ಲ, ಬೇಕರಿಯ ಬಿಸಿಯೂ ತಡೆಯುತ್ತಿರಲಿಲ್ಲ. ಅನಾಯಿ ಕೆಲಸಕ್ಕೆ ಹೋಗತೊಡಗಿದಳು. ಬೆರ್ರೂತಿಗೆ ದೊಡ್ಡ ಕ್ಲಬ್ಬಿನಿಂದ ಕರೆ ಬಂತು, ಹೋದ. ಕ್ಯಾಂಟೀನಿನ ಗೋಡೆಗೆ ಆ ಗೋಲಿನ ಫೋಟೋ ಚೌಕಟ್ಟು ಹಾಕಿಸಿ ನೇತುಹಾಕಿದರು. ಅದರಲ್ಲಿ ಹಿಂದೆ ಲೀಬೆರ್ ಕಾಣುತ್ತಾನೆ. ಎಲ್ಲರೂ ಗೋಲಿನ ಕಡೆ ನೋಡುತ್ತಿದ್ದರೆ ಅವನೊಬ್ಬ ಬೇರೆ ಕಡೆ ಮುಖ ಮಾಡಿ ನಿಂತಿದ್ದಾನೆ.

ಸದಸ್ಯರ ಸಭೆಯಲ್ಲಿ ಸುಲ್ಮಾ ಎದ್ದು ನಿಂತಳು. ಅಂದು ಉಪಾಯ ಇರಲಿಲ್ಲ, ಪೆಟ್ಟಾದವನನ್ನು ಆಡಿಸಿದೆವು, ಅದಕ್ಕೆ ಚಪ್ಪಾಳೆ ಹೊಡೆದೆವು, ಉಪಾಯ ಅಂತ ಹೆಸರಿಟ್ಟವಳು ನಾನೇ, ಆ ಫೋಟೋ ಇಳಿಸಿ, ಡಾಕ್ಟರಿಲ್ಲದೆ ಆಡಿಸಬೇಡಿ ಅಂದಳು. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು ಮುಂದಿನ ವಿಷಯಕ್ಕೆ ಹೋದ. ಹೊರಗೆ ಬಂದಾಗ ಅವಳಿಗೆ ಬಿದ್ದ ಮಾತುಗಳನ್ನು ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಜನಕ್ಕೆ ಬಹಳ ವರ್ಷಗಳ ಮೇಲೆ ಸಿಕ್ಕ ಒಂದು ಒಳ್ಳೆಯ ದಿನವನ್ನು ಅವಳು ಕಸಿದುಕೊಂಡಿದ್ದಳು. ಅದನ್ನು ಅವರು ಕ್ಷಮಿಸಲಿಲ್ಲ. ಅವಳು ಮೇಜಿಗೆ ಬರುವುದನ್ನು ಬಿಟ್ಟಳು. ಮ್ಯಾಚು ಮಾತ್ರ ಬಿಡಲಿಲ್ಲ. ಮುಗಿದ ಕೂಡಲೇ ಎದ್ದು ಮನೆಗೆ ಹೋಗುತ್ತಿದ್ದಳು. ಕಿಟಕಿಯಿಂದ ಅವಳು ಹೋಗುವುದು ಕಾಣುತ್ತಿತ್ತು. ಎಲ್ಬಿಯೊ ಮಾತು ಅರ್ಧಕ್ಕೆ ನಿಲ್ಲಿಸಿ ಆ ಕಡೆ ನೋಡುತ್ತಿದ್ದ. ಎದುರು ವಾದಿಸುವವರಿಲ್ಲದೆ ಅವನ ಮಾತಿಗೂ ಖಾರ ಹೋಗಿತ್ತು.

ಮುಂದಿನ ವರ್ಷ, ಚಳಿಗಾಲದ ಒಂದು ಮ್ಯಾಚು. ನಾವು ಒಂದು ಗೋಲು ಮುಂದಿದ್ದೆವು. ನಮ್ಮ ಹೊಸ ಡಿಫೆಂಡರ್ ಒಬ್ಬ ಎದುರಾಳಿಯ ತಲೆಗೆ ತಲೆ ಬಡಿಸಿಕೊಂಡು ಬಿದ್ದ. ಬದಲಿ ಆಟಗಾರರೆಲ್ಲ ಮುಗಿದಿದ್ದರು. ಅವನು ಎದ್ದು ನಿಂತು ಆಡುತ್ತೇನೆ ಅಂತ ಕೈಸನ್ನೆ ಮಾಡಿದ. ಸುಲ್ಮಾ ಮೆಟ್ಟಿಲಿಳಿದು ಬೇಲಿಯ ತನಕ ಬಂದಳು. ಅವನನ್ನು ಹೊರಗೆ ಕಳಿಸಿ ಅಂತ ಕೂಗಿದಳು. ಯಾರೂ ಲಕ್ಷ್ಯ ಕೊಡದೇ ಹೋದಾಗ ಬೇಲಿಯ ಸಣ್ಣ ಬಾಗಿಲು ತಳ್ಳಿ ಮೈದಾನದೊಳಗೇ ಹೋದಳು, ಆ ವಯಸ್ಸಿನಲ್ಲಿ, ಕೈಚೀಲ ಹಿಡಿದುಕೊಂಡು. ರೆಫರಿ ಆಟ ನಿಲ್ಲಿಸಿದ. ಜನ ಶಿಳ್ಳೆ ಹಾಕಿದರು, ಬಾಯಿಗೆ ಬಂದದ್ದು ಬೈದರು, ಒಬ್ಬ ಕಿತ್ತಳೆ ಎಸೆದ. ಅವಳು ಜಗ್ಗಲಿಲ್ಲ. ಕೊನೆಗೆ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಒಬ್ಬ ಕಡಿಮೆಯಾಗಿ ಆಡಿದೆವು, ಎರಡು ಗೋಲು ತಿಂದೆವು, ಸೋತೆವು.

ಆಸ್ಪತ್ರೆಯಲ್ಲಿ ಆ ಹುಡುಗನಿಗೆ ಏನೂ ಆಗಿಲ್ಲ ಅಂದರು. ಬರೀ ಊತ.

ಆ ಸಂಜೆ ಕ್ಯಾಂಟೀನಿನಲ್ಲಿ ಅವಳ ಹೆಸರೆತ್ತಿ ಉಗಿಯದವರಿಲ್ಲ. ಎಲ್ಬಿಯೊ ಎದ್ದು ಹೊರಟ, ನಾನೂ ಹೊರಟೆ. ಅವಳ ಮನೆಯ ಮುಂದೆ ಅನಾಯಿ ನಿಂತಿದ್ದಳು, ಪಕ್ಕದಲ್ಲಿ ಕೋಲೂರಿಕೊಂಡು ಲೀಬೆರ್. ಮೈದಾನದಲ್ಲಿ ನಡೆದದ್ದು ಅವರ ತನಕ ಹೋಗಿತ್ತು. ಸುಲ್ಮಾ ಬಾಗಿಲು ತೆರೆದು ಅವರನ್ನು ನೋಡಿದಳು. ಮೊದಲು ಮಾತಾಡಿದವಳು ಅನಾಯಿ.

"ಹುಡುಗನಿಗೆ ಏನೂ ಆಗಿಲ್ವಂತೆ," ಅಂದಳು.

"ಹೌದಂತೆ."

"ಒಳ್ಳೇದಾಯ್ತು. ಇವನಿಗೆ ಚಳಿಯಾಗ್ತಿದೆ, ಒಳಗೆ ಬರ್ಬಹುದಾ?"

ಸುಲ್ಮಾ ದಾರಿ ಬಿಟ್ಟಳು. ಲೀಬೆರ್ ಹೊಸ್ತಿಲು ದಾಟುವಾಗ ಅವಳು ಅವನ ತೋಳು ಹಿಡಿದುಕೊಳ್ಳಲು ಹೋದಳು. ಅವನು ಸಿಟ್ಟಿನಿಂದ ಕೈ ಕೊಡವಿಕೊಂಡು, ತಾನೇ ಕೋಲೂರಿ, ನಿಧಾನವಾಗಿ ಒಳಗೆ ಹೋದ.